ಹೂಗಳಲ್ಲಿ ಸ್ವಪರಾಗ ನಿವಾರಣೆ

ದಾಸವಾಳದ ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿರಿ. ದಳಗಳ ನಡುವಿನಿಂದ ಉದ್ದನೆಯ ಕಂಬವೊಂದು ಹೊರಕ್ಕೆ ಚಾಚಿಕೊಂಡಿರುತ್ತದೆ. ಕಂಬದ ಮೈಮೇಲೆ ಹಳದಿ ಧೂಳನ್ನು ಹೊತ್ತ ಸಣ್ಣ ಸಣ್ಣ ಚೀಲಗಳು. ಅದರ ತುದಿಯಲ್ಲಿ ಐದು ಕವಲು, ಕವಲಿಗೊಂದರಂತೆ ಮಕಮಲ್ಲಿನ ಗುಂಡಿಯಂಥ ಕೆಂಪು ಬೊಟ್ಟು. ಚೀಲಗಳೇ ಪರಾಗಕೋಶಗಳು, ಎಂದರೆ ಹೂವಿನ ಗಂಡು ಭಾಗ. ಬೊಟ್ಟುಗಳು ಶಲಾಕಾಗ್ರಗಳು, ಹೆಣ್ಣು ಭಾಗದ ತುತ್ತತುದಿ. ಇವೆರಡರ ನಡುವಣ ಅಂತರ ಒಂದೆರಡು ಬೆರಳಿನ ಅಗಲವೂ ಇರದು. ಅಷ್ಟು ದೂರ ಧೂಳು ಹಾರಿ ಬೊಟ್ಟಿನ ಮೇಲೆ ಕುಳಿತರೆ ಬೀಜ ಕಟ್ಟುವ ಕಾರ್ಯ ಮನೆಯೊಳಗೇ ಮುಗಿದುಹೋಗಬೇಕಲ್ಲವೆ? ಹೀಗಿದ್ದೂ ನಮ್ಮ ಮನೆಗಳ ಮುಂದಿನ ದಾಸವಾಳ ವರ್ಷವಿಡೀ ಹೂಬಿಡುತ್ತದೆ. ಕಾಯಿ ಕಟ್ಟಿದ್ದನ್ನು ಕಂಡವರು ವಿರಳ.

ಹೂಬಿಡುವ ಸಸ್ಯಗಳ ಬಹುಪಾಲು ಜಾತಿಗಳಲ್ಲಿ ಗಂಡೂ ಹೆಣ್ಣೂ ಒಂದೇ ಹೂವಿನಲ್ಲಿ ಕೂಡಿಯೇ ಇರುತ್ತವೆ. ಗಿಡಕ್ಕೆ ಕಾಲಿಲ್ಲ, ಸಂಗಾತಿಯನ್ನು ಹುಡುಕಿಕೊಂಡು ಹೋಗಲಾರದು. ಆದ್ದರಿಂದ ಈ ಏರ್ಪಾಡು ಬಹಳ ಅನುಕೂಲವೆಂದೇ ಮೊದಲ ನೋಟಕ್ಕೆ ತೋರುತ್ತದೆ. ಆದರೆ ಇಷ್ಟು ಅನುಕೂಲವನ್ನು ಕೈಯಳತೆಯಲ್ಲಿ ಇಟ್ಟುಕೊಂಡು, ಅದನ್ನು ಬಳಸದಿರುವುದಕ್ಕಾಗಿ ಅದೇ ಗಿಡಗಳು ನೂರಾರು ಉಪಾಯಗಳನ್ನು ಹೂಡಿರುವುದೇತಕ್ಕೆ? ಇದೇ ಈ ಲೇಖನದ ವಿಷಯ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಸಸ್ಯಶಾಸ್ತ್ರವೇ ಎಂದು ಗೆಳೆಯರು ಹುಬ್ಬೇರಿಸಬಹುದು. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು, ನಿಜ. ಪಿ.ಯು.ಸಿ.ಯಲ್ಲಿ ಹತ್ತಿದ ಸಸ್ಯಶಾಸ್ತ್ರದ ರುಚಿ ಇನ್ನೂ ಬಿಟ್ಟಿಲ್ಲ. ಅದಲ್ಲದೆ ಬಂಗಾರಪೇಟೆಯ ಹತ್ತಿರ ನಮ್ಮ ದೊಡ್ಡಪ್ಪನವರಿಗೆ ಒಂದು ಮಾವಿನ ತೋಪಿದೆ. ಹೂವು ಹೇರಳವಾಗಿ ಬಂದು ಕಾಯಿ ನಿಲ್ಲದೆ ಹೋಗುವ ಆ ತೋಪು ನನ್ನನ್ನು ಈ ವಿಚಾರಕ್ಕೆ ಮತ್ತೆ ಎಳೆದು ತಂದಿತು. ಅದರ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಎರಡು ಪಾರಿಭಾಷಿಕ ಪದಗಳು. ಒಂದು ಗಿಡದ ಪರಾಗ ಅದೇ ಗಿಡದ ಶಲಾಕಾಗ್ರವನ್ನು ಮುಟ್ಟಿದರೆ ಅದು ಸ್ವಕೀಯ ಪರಾಗಸ್ಪರ್ಶ. ಅದೇ ಜಾತಿಯ ಬೇರೊಂದು ಗಿಡದ ಪರಾಗ ಬಂದು ಮುಟ್ಟಿದರೆ ಪರಕೀಯ ಪರಾಗಸ್ಪರ್ಶ. ಇಲ್ಲಿ ‘ಅದೇ ಹೂವು’ ಎನ್ನದೆ ‘ಅದೇ ಗಿಡ’ ಎಂದಿರುವುದನ್ನು ವಾಚಕರು ಗಮನಿಸಬೇಕು. ಒಂದೇ ಮರದ ಮೇಲಣ ಕೊಂಬೆಯ ಹೂವಿನಿಂದ ಕೆಳಗಣ ಕೊಂಬೆಯ ಹೂವಿಗೆ ಜೇನುಹುಳು ಪರಾಗವನ್ನು ಒಯ್ದರೆ ನೋಡುವವರಿಗೆ ಅದು ಕೊಡುಕೊಳ್ಳುವಿಕೆಯಂತೆ ಕಂಡೀತು. ಆದರೆ ವಂಶದ ಲೆಕ್ಕದಲ್ಲಿ ಅಲ್ಲಿ ಹೊಸದೇನೂ ಬರಲಿಲ್ಲ. ಈ ಮಾತು ಮುಂದೆ ಬಹಳ ಕಡೆ ಬೇಕಾಗುತ್ತದೆ.

ಹೂಗಳು ತಮ್ಮ ಪರಾಗವನ್ನು ತಾವೇ ದೂರವಿಡುವುದನ್ನು ವ್ಯವಸ್ಥಿತವಾಗಿ ಕಂಡು ಬರೆದವನು ಜರ್ಮನಿಯ ಶಾಲಾಧ್ಯಾಪಕ ಕ್ರಿಸ್ಟಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಆತನ ಗ್ರಂಥ ಹೊರಬಂದದ್ದು 1793ರಲ್ಲಿ. ಅನೇಕ ಹೂಗಳಲ್ಲಿ ಗಂಡು ಭಾಗ ಹೆಣ್ಣು ಭಾಗಗಳು ಒಂದೇ ಸಮಯಕ್ಕೆ ಪಕ್ವವಾಗುವುದಿಲ್ಲವೆಂಬುದನ್ನು ಅವನು ಗುರುತಿಸಿದ. ಆದರೆ ಆ ಕಾಲದ ವಿದ್ವಾಂಸರು ಅದಕ್ಕೆ ಕಿವಿಗೊಡಲಿಲ್ಲ. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಆ ಪುಸ್ತಕವನ್ನು ಓದಿ ಅದರ ಬೆಲೆ ತಿಳಿದವನು ಚಾರ್ಲ್ಸ್ ಡಾರ್ವಿನ್.

ಸ್ವಪರಾಗದಿಂದ ನಿಜವಾಗಿ ಕೇಡುಂಟೆ ಎಂಬುದನ್ನು ಡಾರ್ವಿನ್ ಊಹೆಗೆ ಬಿಡಲಿಲ್ಲ. ಹನ್ನೊಂದು ವರ್ಷ ಕುಂಡಗಳಲ್ಲಿ ಗಿಡ ಬೆಳೆಸಿ ಅಳೆದು ನೋಡಿದ. ಗಿಡಗಳಿಗೆ ಬಲೆ ಮುಚ್ಚಿ ಕೀಟಗಳನ್ನು ತಡೆದು, ಕೆಲವು ಹೂಗಳಿಗೆ ಅವುಗಳದೇ ಪರಾಗವನ್ನೂ ಕೆಲವಕ್ಕೆ ಬೇರೆ ಗಿಡದ ಪರಾಗವನ್ನೂ ಹಚ್ಚಿ, ಎರಡು ಬಗೆಯ ಬೀಜಗಳನ್ನೂ ಒಂದೇ ಕುಂಡದ ಎದುರುಬದುರು ಅಂಚಿನಲ್ಲಿ ಬಿತ್ತುತ್ತಿದ್ದ. ಮಣ್ಣು ಒಂದೇ, ನೀರು ಒಂದೇ. ತಾರತಮ್ಯ ಕಂಡರೆ ಅದು ಹುಟ್ಟಿನಿಂದ ಬಂದದ್ದೇ ಸರಿ. ನಮ್ಮ ಬೇಲಿಗಳ ಮೇಲೂ ಹಬ್ಬುವ ನೇರಳೆ ಬಣ್ಣದ ಐಪೊಮಿಯಾ ಬಳ್ಳಿಯನ್ನು ಹೀಗೆ ಹತ್ತು ತಲೆಮಾರು ನಡೆಸಿದ. ಪರಕೀಯ ಪರಾಗದಿಂದ ಹುಟ್ಟಿದ ಬಳ್ಳಿಗಳ ಎತ್ತರವನ್ನು 100 ಎಂದಿಟ್ಟುಕೊಂಡರೆ ಸ್ವಪರಾಗದವುಗಳ ಸರಾಸರಿ ಎತ್ತರ 77 ಮಾತ್ರ. 1876ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಇಂಥ ಕೋಷ್ಟಕಗಳು ಪುಟಗಟ್ಟಲೆ ಇವೆ. ಆರನೆಯ ತಲೆಮಾರಿನಲ್ಲಿ ಸ್ವಪರಾಗದ ಬಳ್ಳಿಯೊಂದು ತನ್ನ ಎದುರಾಳಿಯನ್ನು ಅರ್ಧ ಅಂಗುಲ ಮೀರಿ ಬೆಳೆಯಿತಂತೆ. ಡಾರ್ವಿನ್ ಅದಕ್ಕೆ ‘ಹೀರೋ’ ಎಂದು ಹೆಸರಿಟ್ಟು ಅದರ ಸಂತಾನವನ್ನೂ ಅಳೆದ. ತನ್ನ ಸಿದ್ಧಾಂತಕ್ಕೆ ಎದುರು ನಿಂತ ಗಿಡವನ್ನು ಕಿತ್ತೆಸೆಯದೆ ಹೆಸರಿಟ್ಟು ಸಾಕಿದ ಆ ಗುಣ ನನಗೆ ಬಹಳ ಹಿಡಿಸಿತು.

ಕೇಡಿನ ಕಾರಣ ಡಾರ್ವಿನ್ನನಿಗೆ ತಿಳಿದಿರಲಿಲ್ಲ. ಮೆಂಡೆಲನ ತತ್ವಗಳು ಬೆಳಕಿಗೆ ಬಂದ ಮೇಲೆ ತಿಳಿಯಿತು. ಗಿಡ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಬಹುತೇಕ ಗುಣಗಳ ಜೀನುಗಳು ಜೋಡಿಯಾಗಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಅನೇಕ ವೇಳೆ ಕೇಡು ಹೊರಗೆ ಕಾಣುವುದಿಲ್ಲ. ಸ್ವಪರಾಗದಲ್ಲಿ ಎರಡು ಕಡೆಯಿಂದಲೂ ಬರುವುದು ಒಂದೇ ಗಿಡದ ಸರಕು. ಕೆಟ್ಟದ್ದಕ್ಕೆ ಕೆಟ್ಟದ್ದೇ ಜೊತೆಯಾಗುವ ಸಂಭವ ಹೆಚ್ಚು. ಲೆಕ್ಕವಾಗಿ ಹೇಳುವುದಾದರೆ, ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಮೂಲ ಪ್ರತಿಯಿಂದ ಇಳಿದು ಬಂದಿರುವ ಸಂಭವ ಒಂದು ಸಲದ ಸ್ವಪರಾಗದಲ್ಲಿ ಎರಡರಲ್ಲೊಂದು. ಸೋದರಮಾವನಿಗೂ ಅಕ್ಕನ ಮಗಳಿಗೂ ಹುಟ್ಟುವ ಮಗುವಿನಲ್ಲಿ ಅದು ಎಂಟರಲ್ಲೊಂದು. ಅತ್ತೆಯ ಮಕ್ಕಳು ಮಾವನ ಮಕ್ಕಳು ಮದುವೆಯಾದಲ್ಲಿ ಹದಿನಾರರಲ್ಲೊಂದು. ಡಾರ್ವಿನ್ ಮದುವೆಯಾದದ್ದು ತನ್ನ ಸೋದರಮಾವನ ಮಗಳಾದ ಎಮ್ಮಾಳನ್ನು, 1839ರಲ್ಲಿ. 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಬೇಕೆಂದು ಅವನು ಪ್ರಯತ್ನಿಸಿದ. ಬ್ರಿಟಿಷ್ ಪಾರ್ಲಿಮೆಂಟು ಒಪ್ಪಲಿಲ್ಲ. ಸೋದರಿಕೆಯ ಮದುವೆಗಳು ಇಂದಿಗೂ ನಡೆಯುವ ನಮ್ಮ ಸೀಮೆಯಲ್ಲಿ ಈ ಅಂಕಿಗಳನ್ನು ಹೂವಿನ ಪಾಠದೊಡನೆಯೇ ಕಲಿಸಿದರೆ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ. ಇರಲಿ, ಹೂಗಳಿಗೆ ಹಿಂದಿರುಗೋಣ.

ಎಲ್ಲಕ್ಕಿಂತ ನೇರವಾದ ಉಪಾಯವೆಂದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಗಿಡಗಳಲ್ಲಿಯೇ ಇರಿಸುವುದು. ನಮ್ಮ ಹಳ್ಳದ ಬದಿಗಳಲ್ಲಿ, ಕೆರೆಯ ಹಿಂದಣ ಬಯಲುಗಳಲ್ಲಿ ಕಾಣುವ ಈಚಲು ಈ ಬಗೆಯದು. ಹಣ್ಣಿನ ಗೊಂಚಲು ಬರುವುದು ಹೆಣ್ಣು ಮರಕ್ಕೆ ಮಾತ್ರ. ನಾಟಿ ಪರಂಗಿಯೂ ಹೀಗೆಯೇ. ಉದ್ದನೆಯ ಜೋಲು ತೊಟ್ಟಿನಲ್ಲಿ ಸಣ್ಣ ಹೂಗಳನ್ನು ಇಳಿಬಿಡುವುದು ಗಂಡು ಮರ. ಕಾಯಿ ಬಿಡದ ದಂಡದ ಮರವೆಂದು ಅದನ್ನು ಒಂದೂ ಉಳಿಸದೆ ಕಡಿದುಹಾಕಿದರೆ, ಪಕ್ಕದ ಹೆಣ್ಣು ಮರಗಳಿಗೆ ಪರಾಗ ಸಿಕ್ಕುವುದಿಲ್ಲ. ಹತ್ತು ಹೆಣ್ಣು ಮರಗಳಿಗೆ ಒಂದು ಗಂಡು ಮರವನ್ನಾದರೂ ಉಳಿಸಬೇಕೆಂದು ತೋಟಗಾರಿಕೆಯವರು ಹೇಳುವುದು ಇದಕ್ಕೇ. ಈ ಉಪಾಯ ಪೂರ್ಣ ಭದ್ರ, ಆದರೆ ದುಬಾರಿ. ಸುಮಾರು ಅರ್ಧ ಮರಗಳು ಬೀಜವನ್ನೇ ಕೊಡುವುದಿಲ್ಲ. ಹೀರೆ, ಸೋರೆ, ಕುಂಬಳಗಳು ಮಧ್ಯಮಾರ್ಗ ಹಿಡಿದಿವೆ: ಒಂದೇ ಬಳ್ಳಿ, ಹೂಗಳು ಮಾತ್ರ ಬೇರೆ. ಒಂದು ಹೂವಿನೊಳಗಣ ಸ್ವಪರಾಗ ಇಲ್ಲಿ ಅಸಾಧ್ಯ. ಬಳ್ಳಿಯೊಳಗಣ ಸ್ವಪರಾಗಕ್ಕೆ ತಡೆಯಿಲ್ಲ.

ಎರಡನೆಯ ಉಪಾಯ ಕಾಲಭೇದ. ಸ್ಪ್ರೆಂಗೆಲ್ ಕಂಡದ್ದು ಇದನ್ನೇ. ಇದಕ್ಕೆ ನಮ್ಮ ಬಂಡೆಗುಡ್ಡಗಳ ಸೀತಾಫಲಕ್ಕಿಂತ ಉತ್ತಮ ಉದಾಹರಣೆ ಬೇಡ. ಎಲೆಯ ಮರೆಯಲ್ಲಿ ತಲೆ ಕೆಳಗಾಗಿ ಜೋತ, ಮೂರು ದಪ್ಪ ದಳಗಳ, ಮಸುಕು ಹಸಿರಿನ ಆ ಹೂವನ್ನು ಹೂವೆಂದು ಅನೇಕರು ಗುರುತಿಸಿಯೇ ಇರುವುದಿಲ್ಲ. ದಳಗಳು ಸ್ವಲ್ಪ ಬಿರಿದಾಗ ಒಳಗಣ ಶಲಾಕಾಗ್ರಗಳು ತೇವದಿಂದ ಹೊಳೆಯುತ್ತವೆ. ಆಗ ಹೂವು ಹೆಣ್ಣು. ಸುಮಾರು ಒಂದು ದಿನದ ಮೇಲೆ ಆ ತೇವ ಒಣಗುತ್ತದೆ, ದಳಗಳು ಅಗಲವಾಗುತ್ತವೆ, ಸುತ್ತಲಿನ ಕೇಸರಗಳು ಒಡೆದು ಪರಾಗ ಉದುರುತ್ತದೆ. ಈಗ ಅದೇ ಹೂವು ಗಂಡು. ಗಂಡಾಗಿರುವ ಹೂವಿನಿಂದ ಹೆಣ್ಣಾಗಿರುವ ಹೂವಿಗೆ ಪರಾಗವನ್ನು ಮುಟ್ಟಿಸುವವು ಸಾಸಿವೆ ಕಾಳಿನಷ್ಟೇ ಸಣ್ಣ ಜೀರುಂಡೆಗಳು. ಅವು ಕಡಿಮೆಯಾದರೆ ಕಾಯಿಯೂ ಕಡಿಮೆ. ಇನ್ನೊಂದು ಸ್ವಾರಸ್ಯ: ಸೀತಾಫಲದ ಹಣ್ಣಿನ ಮೈಮೇಲಿನ ಒಂದೊಂದು ಕಣ್ಣೂ ಹೂವಿನ ಒಂದೊಂದು ಅಂಡಾಶಯ ಬೆಳೆದು ಆದದ್ದು. ಪರಾಗ ಎಲ್ಲಕ್ಕೂ ತಲಪದಿದ್ದರೆ ತಲಪದ ಕಡೆ ಕಣ್ಣು ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಸಂತೆಯಲ್ಲಿ ಒಂದು ಮಗ್ಗುಲು ಚಪ್ಪಟೆಯಾದ ಸೀತಾಫಲ ಕಂಡಾಗ ಜೀರುಂಡೆಯ ಗೈರುಹಾಜರಿಯನ್ನು ನೆನೆಯಬಹುದು. ಇದೇ ಕುಟುಂಬದ ಹಣ್ಣುಗಳನ್ನು ವ್ಯಾಪಾರಕ್ಕಾಗಿ ಬೆಳೆಯುವ ದೇಶಗಳಲ್ಲಿ ಗಂಡು ಹಂತದ ಹೂಗಳ ಪರಾಗವನ್ನು ಕೂಡಿಟ್ಟು, ಹೆಣ್ಣು ಹಂತದ ಹೂಗಳಿಗೆ ಕುಂಚದಿಂದ ಹಚ್ಚುತ್ತಾರೆ.

ಸೂರ್ಯಕಾಂತಿಯಲ್ಲಿ ಸರದಿ ಇದಕ್ಕೆ ತಿರುಗುಮುರುಗು. ಅದರ ತಟ್ಟೆಯಲ್ಲಿರುವುದು ನೂರಾರು ಪುಟ್ಟ ಹೂಗಳು. ಪ್ರತಿಯೊಂದರಲ್ಲಿಯೂ ಮೊದಲ ದಿನ ಪರಾಗ ಹೊರಬೀಳುತ್ತದೆ. ಶಲಾಕಾಗ್ರ ತನ್ನ ಎರಡು ಕವಲನ್ನು ಬಿಚ್ಚುವುದು ಮರುದಿನ. ಅಷ್ಟರಲ್ಲಿ ತನ್ನ ಪರಾಗವೆಲ್ಲ ಹುಳುಗಳ ಪಾಲಾಗಿರಬೇಕೆಂಬುದು ಲೆಕ್ಕ. ಆದರೆ ಒಂದೇ ತಟ್ಟೆಯಲ್ಲಿ ನಿನ್ನೆ ಅರಳಿದ ಸುತ್ತಿನ ಪಕ್ಕದಲ್ಲೇ ಇಂದು ಅರಳಿದ ಸುತ್ತು ಇರುವುದರಿಂದ ಕಾಲಭೇದವೊಂದೇ ಸಾಲದು. ಸೂರ್ಯಕಾಂತಿಯ ಅನೇಕ ತಳಿಗಳು ತಮ್ಮ ಪರಾಗವನ್ನು ಗುರುತಿಸಿ ತಿರಸ್ಕರಿಸುತ್ತವೆ. 1969ರ ಸುಮಾರಿಗೆ ರಷ್ಯದ ತಳಿಗಳು ನಮ್ಮ ಹೊಲಗಳಿಗೆ ಬಂದಾಗ ತಟ್ಟೆಯ ನಡುವೆ ಜೊಳ್ಳು ಕಾಣಿಸಿಕೊಳ್ಳುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ. ಜೇನು ಸಾಲದ ಕಡೆ ಬೆಳಗಿನ ಹೊತ್ತು ತೆಳುಬಟ್ಟೆಯಿಂದ ತಟ್ಟೆಗಳನ್ನು ಒಂದಾದ ಮೇಲೊಂದು ಮೃದುವಾಗಿ ಸವರಬೇಕೆಂದು ರೈತರಿಗೆ ಹೇಳಿಕೊಡಲಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1980ರಲ್ಲಿ ಹೊರತಂದ ಬಿ.ಎಸ್.ಎಚ್.-1 ನಮ್ಮ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ.

ಮೂರನೆಯದು ಸ್ಥಳಭೇದ. ಗಂಡು ಹೆಣ್ಣುಗಳೆರಡೂ ಒಂದೇ ಕಾಲಕ್ಕೆ ಪಕ್ವವಾದರೂ ಒಂದನ್ನೊಂದು ಮುಟ್ಟದಂತೆ ಹೂವಿನ ಕಟ್ಟಡವೇ ತಡೆಯುತ್ತದೆ. ಬೇಲಿಯ ಅಗ್ನಿಶಿಖೆಯಲ್ಲಿ ಶಲಾಕೆ ಬುಡದಲ್ಲಿಯೇ ನೇರಕೋನಕ್ಕೆ ಮುರಿದಂತೆ ಹೊರಕ್ಕೆ ಬಾಗಿ, ಕೇಸರಗಳಿಂದ ದೂರ ನಿಲ್ಲುತ್ತದೆ. ಮಾರಿಕುಪ್ಪಂ ರೈಲಿನ ದಾರಿಯುದ್ದಕ್ಕೂ ಒಣ ನೆಲದಲ್ಲಿ ಹಳದಿಯಾಗಿ ಅರಳುವ ತಂಗಡಿಯನ್ನು ನಾವೆಲ್ಲ ನೋಡಿದ್ದೇವೆ. ಕೆಲವರು ಆವರಿಕೆ ಎನ್ನುತ್ತಾರೆ. ಅದರ ಹತ್ತು ಹೂಗಳನ್ನು ಸಾಲಾಗಿ ಇಟ್ಟು ನೋಡಿರಿ. ಕೆಲವು ಹೂಗಳಲ್ಲಿ ಶಲಾಕೆ ಎಡಕ್ಕೆ ಬಾಗಿರುತ್ತದೆ, ಕೆಲವದರಲ್ಲಿ ಬಲಕ್ಕೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದ ಹಾಗೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗಕೋಶಗಳು ಉದ್ದುದ್ದ ಬಿರಿಯದೆ ತುದಿಯ ರಂಧ್ರದಿಂದ ಮಾತ್ರ ಧೂಳು ಬಿಡುತ್ತವೆ. ದಪ್ಪನೆಯ ಕರಿ ದುಂಬಿ ಅವನ್ನು ಅಪ್ಪಿ ಹಿಡಿದು ಮೈನಡುಗಿಸಿ ಗುಂಯ್‌ಗುಟ್ಟಿದರೆ ಪರಾಗ ಚಿಮ್ಮುತ್ತದೆ. ಹೀಗೆ ಚಿಮ್ಮಿದ್ದು ದುಂಬಿಯ ಮೈಯ ಒಂದು ಪಕ್ಕಕ್ಕೆ ಅಂಟಿದರೆ, ಶಲಾಕೆ ಸವರುವುದು ಇನ್ನೊಂದು ಪಕ್ಕವನ್ನು. ಎಡಬಾಗಿನ ಹೂವಿನ ಪರಾಗ ಬಲಬಾಗಿನ ಹೂವಿಗೆ ಸಲ್ಲುತ್ತದೆ. ಬಹಳ ಜಾಣತನದ ರಚನೆ. ಆದರೆ ಒಂದೇ ಗಿಡದಲ್ಲಿ ಎರಡು ಬಗೆಯ ಹೂಗಳೂ ಇರುವುದರಿಂದ ಇದೂ ಹೂವನ್ನು ಕಾಯುತ್ತದೆಯೇ ಹೊರತು ಗಿಡವನ್ನು ಪೂರ್ತಿ ಕಾಯಲಾರದು.

ಎಕ್ಕದ ಹೂವು ಇನ್ನೂ ವಿಚಿತ್ರ. ಅದರಲ್ಲಿ ಧೂಳೇ ಇಲ್ಲ. ಪರಾಗವೆಲ್ಲ ಮೇಣದಂಥ ಪುಟ್ಟ ಚೀಲಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎರಡೆರಡು ಚೀಲಗಳಿಗೆ ಒಂದು ಚಿಮಟದಂಥ ಕೊಂಡಿ. ಮಕರಂದಕ್ಕಾಗಿ ಬಂದ ದುಂಬಿಯ ಕಾಲು ಹೂವಿನ ಮೂಲೆಯ ಸೀಳಿಗೆ ಜಾರಿದರೆ ಕೊಂಡಿ ಕಾಲಿಗೆ ಕಚ್ಚಿಕೊಂಡು ಜೋಡಿ ಚೀಲ ಕಿತ್ತುಬರುತ್ತದೆ. ಮತ್ತೊಂದು ಹೂವಿನ ಸೀಳಿನಲ್ಲಿ ಆ ಚೀಲ ಸಿಕ್ಕಿಕೊಂಡರೆ ಮಾತ್ರ ಕಾಯಿ. ದುಂಬಿಯಿಲ್ಲದೆ ಪರಾಗ ಕೂದಲೆಳೆಯಷ್ಟೂ ಕದಲದು. ಸೂಜಿಯ ಮೊನೆಯಿಂದ ಆ ಜೋಡಿ ಚೀಲವನ್ನು ಎತ್ತಿ ನೋಡುವುದು ಯಾರಾದರೂ ಮಾಡಬಹುದಾದ ಪ್ರಯೋಗ. ಎಕ್ಕದ ಹಾಲು ಕಣ್ಣಿಗೆ ತಗಲದಂತೆ ಎಚ್ಚರವಿರಲಿ.

ಇದುವರೆಗೆ ಹೇಳಿದ್ದೆಲ್ಲ ಬಾಗಿಲು ಕಿಟಕಿಗಳ ಏರ್ಪಾಡು. ಇವುಗಳನ್ನೆಲ್ಲ ದಾಟಿ ತನ್ನದೇ ಪರಾಗ ಶಲಾಕಾಗ್ರದ ಮೇಲೆ ಬಿದ್ದರೇನು ಗತಿ? ಅಲ್ಲಿ ನಡೆಯುವುದು ರಾಸಾಯನಿಕ ಪರೀಕ್ಷೆ. ಶಲಾಕಾಗ್ರದ ಮೇಲೆ ಬಿದ್ದ ಪರಾಗಕಣ ಒಂದು ಸೂಕ್ಷ್ಮ ನಾಳವನ್ನು ಹೊರಡಿಸಿ, ಶಲಾಕೆಯ ಉದ್ದಕ್ಕೂ ಇಳಿದು ಅಂಡಕವನ್ನು ಮುಟ್ಟಬೇಕು. ಹೊಗೆಸೊಪ್ಪಿನ ಕುಲದ ಕೆಲವು ಗಿಡಗಳಲ್ಲಿ ಈ ಇಳಿಯುವಿಕೆಗೆ ಅಪ್ಪಣೆ ಕೊಡುವ ಜೀನಿನ ನಿಯಮವನ್ನು 1925ರಲ್ಲಿ ಅಮೆರಿಕದ ಈಸ್ಟ್ ಮತ್ತು ಮ್ಯಾಂಗೆಲ್ಸ್‌ಡಾರ್ಫ್ ವಿವರಿಸಿದರು. ಆ ಜೀನಿಗೆ ಬಹಳ ರೂಪಗಳುಂಟು. ಒಂದು, ಎರಡು, ಮೂರು ಎಂದು ಕರೆಯೋಣ. ಗಿಡವೊಂದರಲ್ಲಿ ಒಂದು-ಎರಡು ಎಂಬ ಜೋಡಿ ಇದ್ದರೆ ಅದರ ಪರಾಗಕಣಗಳಲ್ಲಿ ಅರ್ಧಕ್ಕೆ ಒಂದರ ಗುರುತು, ಅರ್ಧಕ್ಕೆ ಎರಡರ ಗುರುತು. ತಾಯಿಯ ಜೋಡಿಯಲ್ಲಿ ಇರುವ ಗುರುತನ್ನೇ ಹೊತ್ತು ಬಂದ ಪರಾಗಕ್ಕೆ ಪ್ರವೇಶವಿಲ್ಲ. ಆದ್ದರಿಂದ ತನ್ನ ಪರಾಗವೆಲ್ಲ ಹೊರಗೆ. ಒಂದು-ಮೂರು ಜೋಡಿಯ ನೆರೆಯ ಗಿಡಕ್ಕೆ ಹೋದರೆ ಅರ್ಧ ಸಲ್ಲುತ್ತದೆ. ಮೂರು-ನಾಲ್ಕರ ಗಿಡಕ್ಕೆ ಹೋದರೆ ಪೂರ್ತಿ ಸಲ್ಲುತ್ತದೆ. ನಮ್ಮಲ್ಲಿ ಹೆಣ್ಣು ತರುವ ಮೊದಲು ಗೋತ್ರವನ್ನೋ ಬೆಡಗನ್ನೋ ಕೇಳುವಂತೆ! ಒಂದೇ ವ್ಯತ್ಯಾಸ, ಇಲ್ಲಿ ಗಂಡಿನ ಮೇಲೆ ಒಂದೇ ಗುರುತು, ಹೆಣ್ಣಿನ ಕಡೆ ಎರಡು.

ತಡೆಯುವ ಕೈ ಯಾವುದೆಂಬುದು 1980ರ ದಶಕದಲ್ಲಿ ಗೊತ್ತಾಯಿತು. ಈ ಕುಟುಂಬದ ಗಿಡಗಳ ಶಲಾಕೆಯಲ್ಲಿ ಆರ್.ಎನ್.ಎ.ಯನ್ನು ಕತ್ತರಿಸುವ ಕಿಣ್ವವೊಂದಿದೆ. ಅದು ಪರಾಗನಾಳದೊಳಕ್ಕೆ ಹೋಗುತ್ತದೆ. ಗುರುತು ಬೇರೆಯಾದರೆ ಪರಾಗವು ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಿ ಮುಂದೆ ಸಾಗುತ್ತದೆ. ಗುರುತು ಒಂದೇ ಆದರೆ ನಾಳದ ಆರ್.ಎನ್.ಎ. ತುಂಡಾಗಿ ಬೆಳವಣಿಗೆ ನಡುದಾರಿಯಲ್ಲೇ ನಿಲ್ಲುತ್ತದೆ. ಸಾಸಿವೆ, ಕೋಸಿನ ಕುಟುಂಬದಲ್ಲಿ ಯಂತ್ರವೇ ಬೇರೆ. ಅಲ್ಲಿ ತಿರಸ್ಕಾರ ಶಲಾಕಾಗ್ರದ ಹೊಸ್ತಿಲಿನಲ್ಲೇ ನಡೆದುಹೋಗುತ್ತದೆ. ಇಂಥ ಪರೀಕ್ಷೆ ಸಸ್ಯಲೋಕದಲ್ಲಿ ಒಂದೇ ಬಾರಿ ಹುಟ್ಟಿದ್ದಲ್ಲ, ಬೇರೆ ಬೇರೆ ಕುಟುಂಬಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ. ಈ ಪರೀಕ್ಷೆ ಹೂವನ್ನಷ್ಟೇ ಅಲ್ಲದೆ ಇಡೀ ಗಿಡವನ್ನು ಕಾಯುತ್ತದೆ; ಮೇಲಿನ ಕೊಂಬೆಯಿಂದ ಬರಲಿ ಕೆಳಗಿನದರಿಂದ ಬರಲಿ, ಗುರುತು ಅದೇ ತಾನೆ?

ಹಾಗಾದರೆ ಸ್ವಪರಾಗ ಎಲ್ಲೆಲ್ಲೂ ಕೆಟ್ಟದ್ದೆ? ಹಾಗೆಂದರೆ ನಾವು ದಿನವೂ ಉಣ್ಣುವ ರಾಗಿಮುದ್ದೆ ಎದುರು ನಿಲ್ಲುತ್ತದೆ. ರಾಗಿ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ನೆಲಗಡಲೆಯೂ ಹಾಗೆಯೇ. ಎರಡು ರಾಗಿ ತಳಿಗಳನ್ನು ಕೂಡಿಸುವುದು ಅಷ್ಟಿಷ್ಟು ಕಷ್ಟದ ಕೆಲಸವಲ್ಲ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದದ್ದು ಸಾಮಾನ್ಯ ಸಾಹಸವಲ್ಲ. ಕೋಲಾರದ ಮಾರುಕಟ್ಟೆಗೆ ಲಾರಿಗಟ್ಟಲೆ ಬರುವ ಟೊಮ್ಯಾಟೊ ಸಹ ಸ್ವಪರಾಗದ ಬೆಳೆಯೇ. ದಕ್ಷಿಣ ಅಮೆರಿಕದಲ್ಲಿರುವ ಅದರ ಕಾಡು ನೆಂಟರಲ್ಲಿ ಅನೇಕವು ತಮ್ಮ ಪರಾಗವನ್ನು ಒಪ್ಪುವುದಿಲ್ಲ. ಅವುಗಳ ಶಲಾಕೆ ಕೇಸರಗಳ ಕೊಳವೆಯಿಂದ ಹೊರಕ್ಕೆ ಇಣುಕುತ್ತದೆ. ಸಾಗುವಳಿಯ ಟೊಮ್ಯಾಟೊದಲ್ಲಿ ಶಲಾಕೆ ಕುಳ್ಳಾಗಿ ಕೊಳವೆಯೊಳಗೇ ಉಳಿದಿದೆ. ಈ ಕುಳ್ಳುತನಕ್ಕೆ ಮುಖ್ಯ ಕಾರಣವಾದ ಜೀನನ್ನು 2007ರಲ್ಲಿ ಗುರುತಿಸಿದರು. ರಾಣೆಬೆನ್ನೂರಿನ ಕಡೆ ಸಂಕರ ಬೀಜ ತಯಾರಿಸುವ ಹೊಲಗಳಲ್ಲಿ ಹೆಂಗಸರು ಮೊಗ್ಗಿನಲ್ಲೇ ಕೇಸರಗಳನ್ನು ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕಾದದ್ದು ಇದರಿಂದಲೇ.

ತಲೆಮಾರುಗಟ್ಟಲೆ ಸ್ವಪರಾಗದಲ್ಲೇ ನಡೆದ ಗಿಡಗಳಲ್ಲಿ ಅತಿ ಕೆಟ್ಟ ಜೀನುಗಳು ಜೋಡಿಗೂಡಿ ಹೊರಬಿದ್ದು, ಅವನ್ನು ಹೊತ್ತವು ಸತ್ತು, ವಂಶ ಸ್ವಲ್ಪ ಹಸನಾಗಿರುತ್ತದೆ. ಜೊತೆಗೆ ಒಂಟಿಯಾಗಿ ಬದುಕುವ ಧೈರ್ಯ ಅವುಗಳಿಗುಂಟು. ಇದನ್ನು ಕಾಣಬೇಕಾದರೆ ನಮ್ಮ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಅಂಚಿಗೆ ಹೋಗಬೇಕು. 1880ರಿಂದ ಜಾನ್ ಟೇಲರ್ ಕಂಪನಿಯವರು, ಆಮೇಲೆ ಸರ್ಕಾರದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಪಾತಾಳದಿಂದ ತೆಗೆದ ಕಲ್ಲನ್ನು ಅರೆದು ಚಿನ್ನ ಸೋಸಿದ ಮೇಲೆ ಉಳಿದ ಹಿಟ್ಟಿನ ಗುಡ್ಡೆಗಳಿವು. ಗಿಡದ ದೃಷ್ಟಿಯಿಂದ ಇವು ಸಮುದ್ರದ ನಡುವಣ ದ್ವೀಪಗಳಿದ್ದಂತೆ. ಇಂಥ ಕಡೆಗೆ ಗಾಳಿಯಲ್ಲೋ ಮಳೆನೀರಿನಲ್ಲೋ ಬಂದು ಬಿದ್ದ ಮೊದಲ ಬೀಜ ಮೊಳೆತು ಹೂಬಿಟ್ಟಾಗ ಸುತ್ತ ಅದರ ಜಾತಿಯವರು ಯಾರೂ ಇರುವುದಿಲ್ಲ. ತನ್ನ ಪರಾಗವನ್ನು ತಿರಸ್ಕರಿಸುವ ಗಿಡವಾದರೆ ಅಲ್ಲಿಗೆ ಅದರ ವಂಶ ಮುಗಿಯಿತು. ಒಪ್ಪುವ ಗಿಡವಾದರೆ ಮರುವರ್ಷ ಹತ್ತು, ಅದರ ಮರುವರ್ಷ ನೂರು. ಹೊಸ ನೆಲಕ್ಕೆ ಮೊದಲು ಕಾಲಿಡುವ ಸಸ್ಯಗಳಲ್ಲಿ ಸ್ವಪರಾಗವನ್ನು ಒಪ್ಪುವವೇ ಹೆಚ್ಚೆಂದು ಹರ್ಬರ್ಟ್ ಬೇಕರ್ 1955ರಲ್ಲಿ ಬರೆದ. ಎರಡು ವರ್ಷದ ಮೇಲೆ ಸ್ಟೆಬಿನ್ಸ್ ಅದಕ್ಕೆ ‘ಬೇಕರನ ನಿಯಮ’ವೆಂದು ಹೆಸರಿಟ್ಟ. ಹಾಳು ನೆಲದಲ್ಲೆಲ್ಲ ಕಾಣುವ ಹಳದಿ ಹೂವಿನ ಮುಳ್ಳು ದತ್ತೂರಿ ಮೆಕ್ಸಿಕೋ ಕಡೆಯಿಂದ ಬಂದ ಗಿಡ. ಪರದೇಶದಲ್ಲಿ ಅದು ಇಷ್ಟು ಹರಡಲು ನೆರವಾದ ಗುಣಗಳಲ್ಲಿ ತನ್ನ ಪರಾಗದಿಂದಲೇ ಬೀಜ ಕಟ್ಟಬಲ್ಲ ಗುಣವೂ ಒಂದು.

ಈಗ ಮಾವಿನ ತೋಪು. ಮಾವು ಈ ದತ್ತೂರಿಗೆ ತೀರ ವಿರುದ್ಧ ಸ್ವಭಾವದ್ದು. ಅದರ ಒಂದೊಂದು ತೆನೆಯಲ್ಲಿ ನೂರಾರು, ಕೆಲವು ಸಲ ಸಾವಿರಾರು ಹೂಗಳು. ಅವುಗಳಲ್ಲಿ ಬಹಳಷ್ಟು ಬರಿಯ ಗಂಡು, ಉಳಿದವು ಗಂಡು ಹೆಣ್ಣು ಕೂಡಿದವು. ಸಾವಿರ ಹೂವಿಗೆ ಒಂದು ಕಾಯಿ ಹಣ್ಣಾದರೆ ಅದೇ ಹೆಚ್ಚು. ಪರಾಗ ಸಾಗಿಸುವವರಲ್ಲಿ ಜೇನಿಗಿಂತ ನಾವು ಅಸಹ್ಯಪಡುವ ನೊಣಗಳದೇ ದೊಡ್ಡ ಪಾಲು. ಉತ್ತರ ಭಾರತದ ದಶಹರಿ, ಲಂಗಡಾ, ಚೌಸಾ ತಳಿಗಳು ತಮ್ಮ ಪರಾಗವನ್ನು ಒಪ್ಪುವುದಿಲ್ಲವೆಂದು ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಮಾವಿನಲ್ಲಿ ತಿರಸ್ಕಾರ ನಡೆಯುವುದು ಬಹಳ ತಡವಾಗಿ. ಪರಾಗನಾಳ ಇಳಿಯುತ್ತದೆ, ಅಂಡಕ ಫಲಿತವೂ ಆಗುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ಒಳಗಣ ಆಹಾರದ ಅಂಗಾಂಶ ಕರಗಿ, ಪಿಂದೆ ಉದುರುತ್ತದೆ. ನೋಡುವವನಿಗೆ ಕಾಯಿ ಕಚ್ಚಿದಂತೆ ಕಂಡು, ಗಾಳಿಗೋ ಬೂದಿರೋಗಕ್ಕೋ ಉದುರಿತೆಂದು ತೋರುತ್ತದೆ. ನಮ್ಮ ಕಡೆಯ ಬಾದಾಮಿಯಲ್ಲಿಯೂ ಬೇರೆ ತಳಿಯ ಪರಾಗ ದೊರೆತಾಗ ಕಾಯಿ ನಿಲ್ಲುವುದು ಹೆಚ್ಚು.

ದೊಡ್ಡಪ್ಪನವರ ತೋಪಿನಲ್ಲಿರುವುದು ನಲವತ್ತು ಮರ, ನಲವತ್ತೂ ಬಾದಾಮಿ. ಬೆಲೆ ಬರುವ ಹಣ್ಣೆಂದು ಒಂದೇ ತಳಿ ಹಾಕಿದರು; ಬೇಲಿಯಂಚಿನ ಹಳೆಯ ನಾಟಿ ಮರಗಳನ್ನು ನೆರಳೆಂದು ತೆಗೆಸಿದರು. ನಾನು ಈ ಪರಾಗದ ವಿಷಯ ಎತ್ತಿದಾಗ ಅವರು, “ನಲವತ್ತು ಮರ ಐತಲ್ಲೋ, ಒಂದಕ್ಕೊಂದು ಜೊತೆ ಸಾಲದಾ?” ಎಂದರು. ಕೇಳಬೇಕಾದ ಪ್ರಶ್ನೆಯೇ ಅದು. ಕಸಿ ಮರವೆಂದರೆ ಏನು? ಒಂದು ಮರದ ಕಡ್ಡಿಯನ್ನು ಇನ್ನೊಂದು ಬೇರಿನ ಮೇಲೆ ಕೂರಿಸಿದ್ದು. ಎಲ್ಲ ದಶಹರಿ ಮರಗಳೂ ಲಕ್ನೋ ಹತ್ತಿರದ ದಶಹರಿ ಗ್ರಾಮದ ಒಂದೇ ತಾಯಿಮರದ ಕಡ್ಡಿಗಳೆಂದು ಹೇಳುತ್ತಾರೆ. ಬಾದಾಮಿಯ ಕಸಿಗಳೂ ಅಂತೆಯೇ ಒಂದರ ಕಡ್ಡಿಯಿಂದ ಇನ್ನೊಂದು ಎಂದು ನಡೆದು ಬಂದವು. ಬೇರುಗಳು ನಲವತ್ತು, ಬುಡಗಳು ನಲವತ್ತು. ಹೂಬಿಡುವ ತಲೆ ಒಂದೇ. ನೊಣ ಈ ತುದಿಯ ಮರದಿಂದ ಆ ತುದಿಯ ಮರಕ್ಕೆ ಹಾರಿದರೂ ಅದು ಮೇಲಣ ಕೊಂಬೆಯಿಂದ ಕೆಳಗಣ ಕೊಂಬೆಗೆ ಹಾರಿದಂತೆಯೇ. ನಾಟಿ ಮರಗಳು ಪ್ರತಿಯೊಂದೂ ಬೇರೆ ಬೇರೆ ಓಟೆಯಿಂದ ಹುಟ್ಟಿದವು. ಇಡೀ ತೋಪಿಗೆ ಹೊರಗಿನ ಪರಾಗ ಒದಗಿಸುತ್ತಿದ್ದವು ಬಹುಶಃ ಅವೇ ಎಂದು ನನಗನ್ನಿಸುತ್ತದೆ.

ಕಾಯಿ ನಿಲ್ಲದಿರಲು ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಬಾದಾಮಿ ಒಂದು ವರ್ಷ ಬಿಟ್ಟು ಒಂದು ವರ್ಷ ಫಲ ಕೊಡುವ ಮರ. ಜಿಗಿಹುಳು, ಬೂದಿರೋಗ, ಹೂಗಾಲದ ಮೋಡ, ಎಲ್ಲಕ್ಕೂ ತಮ್ಮ ತಮ್ಮ ಪಾಲುಂಟು. ಹೂವು ತುಂಬ ಅರಳಿರುವಾಗ ಕೀಟನಾಶಕ ಹೊಡೆದರೆ ಜಿಗಿಹುಳುವಿನೊಡನೆ ಪರಾಗ ತರುವ ನೊಣವೂ ಸಾಯುತ್ತದೆ. ಔಷಧಿಯನ್ನು ಹೂವು ಬಿರಿಯುವ ಮುನ್ನವೇ ಮುಗಿಸಬೇಕು. ಆದರೆ ಪರಾಗದ ಕೊರತೆಗೆ ಪರಿಹಾರ ಸುಲಭ, ಖರ್ಚು ಕಡಿಮೆ. ಯಾವ ತಳಿ ಬಾದಾಮಿಗೆ ಜೊತೆಯಾದೀತೆಂಬುದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಸಂಕರ ಹಣ್ಣುಗಳೇ ಸಾಕ್ಷಿ. ಅವರ ‘ಅರ್ಕಾ ಪುನೀತ್’ ಬಾದಾಮಿಗೆ ಬೇನಿಷಾದ ಪರಾಗ ಕೊಟ್ಟು ಪಡೆದದ್ದು. ‘ಅರ್ಕಾ ನೀಲಕಿರಣ್’ ಬಾದಾಮಿಗೂ ನೀಲಂಗೂ ಹುಟ್ಟಿದ್ದು. ಪರಾಗ ಒಪ್ಪದೆ ಓಟೆ ಬಲಿಯುತ್ತಿರಲಿಲ್ಲ. ನೀಲಂ ಹೂವು ನಮ್ಮಲ್ಲಿ ಸ್ವಲ್ಪ ತಡ. ಬೇನಿಷಾ ಹೆಚ್ಚು ಕಡಿಮೆ ಬಾದಾಮಿಯ ಜೊತೆಯಲ್ಲೇ ಹೂಬಿಡುತ್ತದೆ.

ಬೆಳೆದ ಮರವನ್ನು ಕಿತ್ತು ಬೇರೆ ನೆಡಬೇಕಾಗಿಲ್ಲ. ಕೊಂಬೆಗಳನ್ನು ಕತ್ತರಿಸಿ, ಹೊಸ ಚಿಗುರು ಬಂದ ಮೇಲೆ ಆ ಚಿಗುರಿಗೆ ಬೇನಿಷಾ ಕಡ್ಡಿಯನ್ನು ಕಸಿ ಮಾಡಿದರೆ ಕೆಲವು ವರ್ಷಗಳಲ್ಲಿ ಅದೇ ಬುಡದ ಮೇಲೆ ಬೇರೆ ತಲೆ ಹೂಬಿಡುತ್ತದೆ. ದೊಡ್ಡಪ್ಪನವರು ಬಹಳ ಯೋಚಿಸಿ ನಾಲ್ಕು ಮರಗಳಿಗೆ ಒಪ್ಪಿದ್ದಾರೆ. ನಾಲ್ಕನ್ನೂ ಒಂದು ಮೂಲೆಯಲ್ಲಿ ಮಾಡದೆ, ತೋಪಿನ ನಾಲ್ಕು ಭಾಗಗಳಲ್ಲಿ ಒಂದೊಂದು ಆರಿಸಿದ್ದೇವೆ.  ಆ ಕಸಿಗಳು ಹೂಬಿಡುವ ತನಕ ಕಾಯುವ ಬದಲು ಬರುವ ಹೂಗಾಲದಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡುವ ಉದ್ದೇಶವಿದೆ. ಪಕ್ಕದ ಊರಿನ ತೋಟದಿಂದ ಬೆಳಿಗ್ಗೆ ಬೇನಿಷಾ ತೆನೆಗಳನ್ನು ತಂದು, ಕೆಂಪು ದಾರ ಕಟ್ಟಿದ ಬಾದಾಮಿ ತೆನೆಗಳ ಹೂಗಳಿಗೆ ಅವುಗಳ ಪರಾಗವನ್ನು ಮುಟ್ಟಿಸುವುದು. ಬಿಳಿ ದಾರ ಕಟ್ಟಿದವಕ್ಕೆ ಬಾದಾಮಿಯ ಪರಾಗವನ್ನೇ ಮುಟ್ಟಿಸುವುದು. ಎರಡಕ್ಕೂ ತೆಳುಬಟ್ಟೆಯ ಚೀಲ ಕಟ್ಟಿ ತಿಂಗಳೊಪ್ಪತ್ತಿನ ಮೇಲೆ ಪಿಂದೆ ಎಣಿಸುವುದು. ಎಣಿಕೆಯನ್ನು ದೊಡ್ಡಪ್ಪನವರೇ ಮಾಡುತ್ತಾರಂತೆ. ಹುಡುಗರ ಲೆಕ್ಕದಲ್ಲಿ ಅವರಿಗೆ ನಂಬಿಕೆಯಿಲ್ಲ.